ಆನ್‌ಲೈನ್ ಅಂಗಡಿ ಇದೆ, ಗೂಗಲ್‌ನಲ್ಲಿ ಕಾಣಲ್ಲ: ಭಟ್ಕಳ, ಹೊನ್ನಾವರ, ಕುಮಟಾ ವ್ಯಾಪಾರಿಗಳ ಪುಟದಲ್ಲಿ ಕಮ್ಮಿ ಇರೋದೆಂತದು?

ಭಟ್ಕಳ/ಹೊನ್ನಾವರ/ಕುಮಟಾ: ರಾಷ್ಟ್ರೀಯ ಹೆದ್ದಾರಿ 66ರ ಬದಿಯ ಅಂಗಡಿ ಬೋರ್ಡುಗಳಲ್ಲಿ ಈಗ ಫೋನ್ ನಂಬರಿನ ಕೆಳಗೆ ವೆಬ್‌ಸೈಟ್ ವಿಳಾಸವೂ ಕಾಣುತ್ತದೆ. ಗೋಡಂಬಿ, ಕೋಕಂ, ಜೋನಿಬೆಲ್ಲ, ಉಪ್ಪಿನಕಾಯಿ, ಅತ್ತರು, ಬುರ್ಖಾ, ಮೊಬೈಲ್ ಕವರ್ ಎಲ್ಲವೂ ಆನ್‌ಲೈನ್‌ಗೆ ಬಂದಿವೆ. ವೆಬ್‌ಸೈಟ್ ಮಾಡಿಸಿದ್ದಾಯ್ತು, ದುಡ್ಡು ಕೊಟ್ಟಿದ್ದೂ ಆಯ್ತು. ಆದರೆ ಬೆಂಗಳೂರಲ್ಲೋ ಪುಣೆಯಲ್ಲೋ ಕೂತ ಗಿರಾಕಿ ಅದೇ ವಸ್ತುವನ್ನು ಗೂಗಲ್‌ನಲ್ಲಿ ಹುಡುಕಿದರೆ ಊರಿನ ಅಂಗಡಿ ಸಿಗುವುದು ಅಪರೂಪ. ಮೊದಲು ಬರುವುದು ಅಮೆಜಾನ್, ಫ್ಲಿಪ್‌ಕಾರ್ಟ್, ಆಮೇಲೆ ದೊಡ್ಡ ಊರಿನ ಮರುಮಾರಾಟಗಾರರು.

ಹೀಗಾದಾಗ ತಪ್ಪನ್ನು ವೆಬ್‌ಸೈಟ್ ಮಾಡಿಕೊಟ್ಟ ಹುಡುಗನ ಮೇಲೆ ಹಾಕುವುದು ವಾಡಿಕೆ. ಸ್ವಲ್ಪ ಮಟ್ಟಿಗೆ ಅದು ನಿಜವೂ ಹೌದು. ಆದರೆ ಪುಟವನ್ನು ತೆರೆದು ನೋಡಿದರೆ ಕಾರಣ ಅಲ್ಲೇ ಇರುತ್ತದೆ. ಒಂದು ಬಾಟಲಿಯ ಫೋಟೊ. ಕೆಳಗೆ ಹೆಸರು: ಕೋಕಂ ಸಿರಪ್, 700 ಎಂಎಲ್. ಅದರ ಕೆಳಗೆ ರೇಟು, ಬೈ ನೌ ಬಟನ್. ಮುಗೀತು. ಆನ್‌ಲೈನ್ ವ್ಯವಹಾರದವರು ಇದನ್ನು ಥಿನ್ ಪೇಜ್ ಅನ್ನುತ್ತಾರೆ. ನಮ್ಮ ಮಾತಲ್ಲಿ ತೆಳು ಪುಟ, ನೀರು ಮಜ್ಜಿಗೆ ಇದ್ದ ಹಾಗೆ.

ಅದೇ ಸಿರಪ್ಪನ್ನು ಅಂಗಡಿಯಲ್ಲಿ ಕೊಳ್ಳುವಾಗ ನಡೆಯುವ ಮಾತು ನೆನಪು ಮಾಡಿಕೊಳ್ಳಿ. "ಶೆಟ್ರೆ, ಇದು ಸಕ್ಕರೆ ಹಾಕಿದ್ದೋ ಹಾಕ್ದೇ ಇದ್ದಿದ್ದೋ?" "ಬಣ್ಣ ಹಾಕಿದಾರಾ?" "ಒಂದು ಲೋಟಕ್ಕೆ ಎಷ್ಟು ಚಮಚ ಬೇಕು?" "ಫ್ರಿಜ್ ಇಲ್ದೆ ಎಷ್ಟು ದಿನ ಇರ್ತದೆ?" "ಮಗ ಹುಬ್ಬಳ್ಳಿಯಲ್ಲಿದ್ದಾನೆ, ಬಸ್ಸಲ್ಲಿ ಕಳಿಸಿದ್ರೆ ಸೋರೂದಿಲ್ವಾ?" ಶೆಟ್ಟರು ಪೊಟ್ಟಣ ಕಟ್ಟುತ್ತಲೇ ಎಲ್ಲದಕ್ಕೂ ಉತ್ತರ ಕೊಡುತ್ತಾರೆ, ಯೋಚನೆ ಕೂಡ ಮಾಡುವುದಿಲ್ಲ. ಆ ಐದು ಉತ್ತರಗಳಲ್ಲಿ ಒಂದೂ ವೆಬ್‌ಸೈಟಿನಲ್ಲಿ ಇಲ್ಲ. ಗಿರಾಕಿಗೆ ಕೇಳಲು ಆಗುವುದಿಲ್ಲ, ಗೂಗಲ್‌ಗೆ ಓದಲು ಏನೂ ಸಿಗುವುದಿಲ್ಲ.

ಗೂಗಲ್ ಎಂತ ಮಾಡ್ತದೆ?

ಗೂಗಲ್‌ನ ಕೆಲಸ ಮೂರು ಹಂತದ್ದು. ಮೊದಲು ಅದರ ತಂತ್ರಾಂಶ ಪುಟವನ್ನು ಬಂದು ನೋಡಿ ಹೋಗುತ್ತದೆ. ನಂತರ ಆ ಪುಟವನ್ನು ತನ್ನ ಸೂಚಿಯಲ್ಲಿ ಸೇರಿಸಬೇಕೋ ಬೇಡವೋ ಎಂದು ತೀರ್ಮಾನಿಸುತ್ತದೆ. ಸೇರಿಸಿದ ಮೇಲಷ್ಟೇ, ಯಾರಾದರೂ ಹುಡುಕಿದಾಗ ಎಷ್ಟನೇ ಸ್ಥಾನದಲ್ಲಿ ತೋರಿಸಬೇಕು ಎಂಬ ಪ್ರಶ್ನೆ. ತೆಳು ಪುಟಗಳು ಬಹಳ ಸಲ ಎರಡನೇ ಹಂತದಲ್ಲೇ ಬೀಳುತ್ತವೆ. ಅಂದರೆ ಹತ್ತನೇ ಪುಟದಲ್ಲಿ ಹುಡುಕಿದರೂ ಸಿಗುವುದಿಲ್ಲ, ಯಾಕೆಂದರೆ ಅದು ಪಟ್ಟಿಯಲ್ಲೇ ಇಲ್ಲ.

ಇದನ್ನು ಪರೀಕ್ಷಿಸಲು ಯಾರಿಗೂ ದುಡ್ಡು ಕೊಡಬೇಕಿಲ್ಲ. ಗೂಗಲ್‌ನ ಹುಡುಕಾಟದ ಪೆಟ್ಟಿಗೆಯಲ್ಲಿ ಇಂಗ್ಲಿಷಿನಲ್ಲಿ 'ಸೈಟ್' ಎಂದು ಬರೆದು, ಕೋಲನ್ ಹಾಕಿ, ಜಾಗ ಬಿಡದೆ ನಿಮ್ಮ ವೆಬ್‌ಸೈಟ್ ವಿಳಾಸ ಬರೆಯಿರಿ. ಅಂಗಡಿಯಲ್ಲಿ 200 ವಸ್ತು ಇದ್ದು, ಅಲ್ಲಿ ಬಂದಿದ್ದು ಎಂಟೋ ಒಂಬತ್ತೋ ಪುಟ ಆದರೆ ವಿಷಯ ಗೊತ್ತಾಯಿತು. ಇನ್ನೂ ಖಚಿತ ಲೆಕ್ಕ ಬೇಕಿದ್ದರೆ ಗೂಗಲ್‌ನದ್ದೇ ಉಚಿತ ಸರ್ಚ್ ಕನ್ಸೋಲ್ ಇದೆ. ಅದರಲ್ಲಿ 'ಕ್ರಾಲ್ಡ್ – ಕರೆಂಟ್ಲಿ ನಾಟ್ ಇಂಡೆಕ್ಸ್ಡ್' ಎಂಬ ಸಾಲು ಕಾಣುತ್ತದೆ. ಬಂದು ನೋಡಿದ್ದೇವೆ, ಸದ್ಯಕ್ಕೆ ಪಟ್ಟಿಗೆ ಸೇರಿಸಿಲ್ಲ ಅಂತ ಅರ್ಥ. ವೆಬ್‌ಸೈಟ್ ಮಾಡಿಕೊಟ್ಟವರು ಈ ಪಟ್ಟಿಯನ್ನು ತೋರಿಸಿದ್ದಾರಾ ಎಂದು ಒಮ್ಮೆ ಕೇಳಿ ನೋಡಿ.

ಗೂಗಲ್ ಹೀಗೆ ಬಿಗಿಯಾಗಿದ್ದು ನಿನ್ನೆ ಮೊನ್ನೆ ಅಲ್ಲ. 2011ರ ಫೆಬ್ರವರಿಯಲ್ಲಿ 'ಪಾಂಡಾ' ಎಂಬ ಬದಲಾವಣೆ ತಂದಾಗ ಅಮೆರಿಕದ ಹುಡುಕಾಟಗಳಲ್ಲಿ ಸುಮಾರು ಶೇ 12ರಷ್ಟರ ಫಲಿತಾಂಶ ಏರುಪೇರಾಗಿತ್ತು. ಹೆಸರು ಕೇಳಿ ಕರಡಿ ನೆನಪಾಗಬಹುದು, ಅದು ಗೂಗಲ್ ಎಂಜಿನಿಯರ್ ನವನೀತ್ ಪಾಂಡಾ ಅವರ ಹೆಸರು. 2022ರ ಆಗಸ್ಟ್‌ನಲ್ಲಿ ಇನ್ನೊಂದು ಬದಲಾವಣೆ ಬಂತು. 2024ರ ಮಾರ್ಚ್‌ನಲ್ಲಿ ಬಂದ ನಿಯಮ, ಹುಡುಕಾಟದಲ್ಲಿ ಮೇಲೆ ಬರುವುದಕ್ಕಷ್ಟೇ ಅಂತ ರಾಶಿಗಟ್ಟಲೆ ಪುಟ ಉತ್ಪಾದಿಸುವುದನ್ನು, ಅದನ್ನು ಮನುಷ್ಯ ಬರೆಯಲಿ, ಎಐ ಬರೆಯಲಿ, ಸ್ಪ್ಯಾಮ್ ಎಂದು ಹೇಳಿತು.

ತೆಳು ಪುಟ ಎಂಥ ರಗಳೆ ಮಾಡಬಲ್ಲದು ಎಂಬುದನ್ನು ಇಡೀ ಕರ್ನಾಟಕ ಒಮ್ಮೆ ನೋಡಿದೆ. 2021ರ ಜೂನ್ ಮೊದಲ ವಾರ, ಭಾರತದ ಅತಿ ಕೊಳಕು ಭಾಷೆ ಯಾವುದು ಎಂದು ಇಂಗ್ಲಿಷಿನಲ್ಲಿ ಹುಡುಕಿದರೆ ಗೂಗಲ್ ಮೇಲ್ಗಡೆ ಪೆಟ್ಟಿಗೆಯಲ್ಲಿ ಕನ್ನಡ ಎಂದು ತೋರಿಸಿತ್ತು. ಆ ಉತ್ತರ ಬಂದಿದ್ದು ಭಾಷಾ ತಜ್ಞರಿಂದಲ್ಲ, ಸಾಲದ ವಿಷಯದ ಹೆಸರಿಟ್ಟುಕೊಂಡ ಯಾವುದೋ ವೆಬ್‌ಸೈಟಿನ ಬುಡವಿಲ್ಲದ ಸಾಲಿನಿಂದ. ಆಗಿನ ಕನ್ನಡ ಮತ್ತು ಸಂಸ್ಕೃತಿ ಸಚಿವ ಅರವಿಂದ ಲಿಂಬಾವಳಿ ನೋಟಿಸ್ ಕೊಡುವುದಾಗಿ ಹೇಳಿದರು, ಗೂಗಲ್ ಉತ್ತರ ತೆಗೆದು ಕ್ಷಮೆ ಕೇಳಿತು. ಗದ್ದಲದ ನಡುವೆ ಗಮನಿಸಬೇಕಾದ ಒಂದು ವಿಷಯ: ಪ್ರಶ್ನೆಗೆ ಹೊಂದುವ ಒಳ್ಳೆಯ ಪುಟ ಇಲ್ಲದಿದ್ದರೆ ಇದ್ದ ಕಸವೇ ಮೇಲೆ ಬರಬಹುದು. ಖಾಲಿ ಜಾಗ ಬಿಟ್ಟರೆ ಯಾರಾದರೂ ಬಂದು ಕೂರುತ್ತಾರೆ. ಕುಮಟಾ ನೀರುಳ್ಳಿಗೂ ಭಟ್ಕಳ ಮಲ್ಲಿಗೆಗೂ ಇದೇ ಲೆಕ್ಕ.

ಒಂದೇ ಹಣ್ಣು, ನಾಲ್ಕು ಹೆಸರು

ನಮ್ಮ ಕಡೆಯ ವಸ್ತುಗಳಿಗೆ ಇನ್ನೊಂದು ತೊಡಕಿದೆ, ಅದು ಹೆಸರಿನದ್ದು. ಕೋಕಂ ಅನ್ನುವುದು ಮಹಾರಾಷ್ಟ್ರ, ಗೋವಾ ಕಡೆಯ ಬಳಕೆ, ಈಗ ಲೇಬಲ್ ಮೇಲೆಲ್ಲ ಅದೇ. ಇಲ್ಲಿನ ಮನೆಗಳಲ್ಲಿ, ಘಟ್ಟದ ಮೇಲೆ ಅದು ಮುರುಗಲು. ಕುಂದಾಪುರ ದಾಟಿ ಮಂಗಳೂರಿನತ್ತ ಹೋದರೆ ಪುನರ್ಪುಳಿ. ಕೊಂಕಣಿ ಮಾತಾಡುವವರಲ್ಲಿ ಭಿರಂಡ. ಸಸ್ಯಶಾಸ್ತ್ರದ ಹೆಸರು ಗಾರ್ಸೀನಿಯಾ ಇಂಡಿಕಾ. ಬೆಂಗಳೂರಿನಲ್ಲಿರುವ ಪುತ್ತೂರಿನವರು ಪುನರ್ಪುಳಿ ಎಂದು ಹುಡುಕುತ್ತಾರೆ, ಸಾಗರದವರು ಮುರುಗಲು ಎಂದು. ಹೊನ್ನಾವರದ ಅಂಗಡಿಯ ಪುಟದಲ್ಲಿ ಕೋಕಂ ಎಂಬ ಒಂದೇ ಶಬ್ದ, ಅದೂ ಇಂಗ್ಲಿಷಿನಲ್ಲಿ ಇದ್ದರೆ ಇವರಿಬ್ಬರೂ ತಪ್ಪಿ ಹೋಗುವ ಸಂಭವವೇ ಹೆಚ್ಚು. ಒಂದೇ ಒಂದು ವಾಕ್ಯದಲ್ಲಿ ನಾಲ್ಕೂ ಹೆಸರು ಬರೆದರೆ ಕೆಲಸ ಆಗುತ್ತದೆ.

ಅದರ ಪಕ್ಕದಲ್ಲೇ ಉಪ್ಪಾಗೆ ಇದೆ. ಅದೂ ಗಾರ್ಸೀನಿಯಾ ಜಾತಿಯದ್ದೇ, ಒಣಗಿಸಿದ ಸಿಪ್ಪೆಯೂ ಹುಳಿಗೆ ಬಳಕೆಯಾಗುವಂಥದ್ದೇ, ಆದರೆ ಬೇರೆ ಹಣ್ಣು. ಮೊಬೈಲಿನ ಚಿಕ್ಕ ಫೋಟೊದಲ್ಲಿ ಒಣ ಸಿಪ್ಪೆಯ ಎರಡು ಪೊಟ್ಟಣ ನೋಡಿ ಗುರುತು ಹಿಡಿಯಲು ಹೊರಗಿನವರಿಗೆ ಆಗುವುದಿಲ್ಲ. ಬರೆದು ಹೇಳದಿದ್ದರೆ ವಾಪಸ್ ಬರುವ ಪಾರ್ಸೆಲ್‌ನ ಖರ್ಚು ಅಂಗಡಿಯವರ ತಲೆಗೆ.

ಕುಮಟಾ ಕಡೆಯ ಕಗ್ಗ ಭತ್ತದ ಕಥೆ ಇನ್ನೂ ಮಜಾ ಇದೆ. ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳಲ್ಲಿ, ಮಾಣಿಕಟ್ಟಾ ಸುತ್ತಮುತ್ತ, ಉಪ್ಪು ನೀರನ್ನು ತಾಳಿಕೊಂಡು ಬೆಳೆಯುವ ತಳಿ ಇದು. ಈಗ ಬೆಳೆಯುವವರೇ ಕಮ್ಮಿ, ಕೇಳಿಕೊಂಡು ಬರುವವರು ಮಾತ್ರ ದೂರದೂರದಲ್ಲಿದ್ದಾರೆ. ಆದರೆ 'ಕಗ್ಗ' ಎಂದು ಮಾತ್ರ ಬರೆದ ಪುಟಕ್ಕೆ ಗೂಗಲ್‌ನಲ್ಲಿ ಎದುರಾಳಿ ಯಾರು ಗೊತ್ತಾ? ಡಿ.ವಿ.ಜಿ.ಯವರ ಮಂಕುತಿಮ್ಮ. ಅವರನ್ನು ಹಿಂದಿಕ್ಕಿ ಅಕ್ಕಿ ಮಾರುವುದು ಯಾರಿಂದಲೂ ಆಗದ ಮಾತು. ಕಗ್ಗ ಅಕ್ಕಿ, ಗಜನಿ ಭತ್ತ, ಅಘನಾಶಿನಿ, ಕುಮಟಾ, ಕೆಂಪಕ್ಕಿ, ಗಂಜಿಗೆ ಹೇಗೆ, ಎಷ್ಟು ಹೊತ್ತು ಬೇಯಬೇಕು ಎಂದೆಲ್ಲ ಬರೆದಾಗ ಮಾತ್ರ ಇದು ಪದ್ಯವಲ್ಲ, ಅಕ್ಕಿ ಎಂದು ಯಂತ್ರಕ್ಕೂ ತಿಳಿಯುತ್ತದೆ.

ಊರಿನ ಹೆಸರಿನ ಇಂಗ್ಲಿಷ್ ಕಾಗುಣಿತವೂ ಹಾಗೇ. ಹೊನ್ನಾವರವನ್ನು ಒಂದು 'ಎನ್' ಹಾಕಿ ಬರೆಯುವವರಿದ್ದಾರೆ, ಎರಡು ಹಾಕುವವರಿದ್ದಾರೆ. ಇಷ್ಟಕ್ಕೆ ಹೆದರಬೇಕಿಲ್ಲ, ಕಾಗುಣಿತದ ವ್ಯತ್ಯಾಸವನ್ನು ಗೂಗಲ್ ಬಹುಮಟ್ಟಿಗೆ ಸರಿಪಡಿಸಿಕೊಳ್ಳುತ್ತದೆ. ಮುರುಗಲು, ಪುನರ್ಪುಳಿ ಒಂದೇ ಎಂಬುದನ್ನು ಮಾತ್ರ ಅದರ ಊಹೆಗೆ ಬಿಡಬಾರದು.

ಸೀಸನ್ ಮುಗಿದ ಮೇಲೆ ಪುಟ ಅಳಿಸುವುದು

ಬೇಸಿಗೆಯಲ್ಲಿ ಅಳ್ವೆಕೋಡಿ, ಹಂದಿಗೋಣ ಕಡೆ ಹೆದ್ದಾರಿ ಪಕ್ಕ ಗೊಂಚಲು ಗೊಂಚಲಾಗಿ ನೇತಾಡುವ ಸಿಹಿ ನೀರುಳ್ಳಿ ಮಳೆಗಾಲದ ಹೊತ್ತಿಗೆ ಇರುವುದಿಲ್ಲ. ಆನ್‌ಲೈನ್‌ನಲ್ಲಿ ಇಂಥ ಹಂಗಾಮಿನ ವಸ್ತು ಮಾರುವವರು ಸ್ಟಾಕ್ ಮುಗಿದ ಕೂಡಲೇ ಪುಟವನ್ನೇ ಅಳಿಸಿ, ಮುಂದಿನ ವರ್ಷ ಹೊಸ ಪುಟ ಮಾಡುವುದುಂಟು. ಇದು ಪ್ರತಿ ವರ್ಷ ಅಂಗಡಿಯನ್ನು ಬೇರೆ ಬೀದಿಗೆ ಸಾಗಿಸಿದಂತೆ. ಹಳೆ ಪುಟಕ್ಕೆ ಯಾರೋ ವಾಟ್ಸ್ಆ್ಯಪ್‌ನಲ್ಲಿ ಕೊಟ್ಟ ಲಿಂಕು, ಯಾವುದೋ ಲೇಖನದಲ್ಲಿ ಬಂದ ಲಿಂಕು, ಗೂಗಲ್ ಗಳಿಸಿಕೊಂಡ ಪರಿಚಯ ಎಲ್ಲ ಹೋಯ್ತು. ಪುಟವನ್ನು ಹಾಗೇ ಇಟ್ಟು 'ಸ್ಟಾಕ್ ಇಲ್ಲ' ಎಂದು ಗುರುತು ಹಾಕಿ, ಮುಂದಿನ ಬೆಳೆ ಯಾವ ತಿಂಗಳು ಬರುತ್ತದೆ ಎಂದು ಒಂದು ಸಾಲು ಬರೆಯುವುದು ಲೇಸು. ಖಾರ ಕಮ್ಮಿ, ಹಸಿಯಾಗಿ ತಿನ್ನಲು ಚಲೋ, ಗೊಂಚಲನ್ನು ಗಾಳಿಯಾಡುವಲ್ಲಿ ನೇತು ಹಾಕಬೇಕು ಎಂಬ ಮಾತೆಲ್ಲ ವರ್ಷಪೂರ್ತಿ ಓದಲು ಸಿಗಲಿ.

ಎಲ್ಲಾ ಪುಟಕ್ಕೂ ಇಷ್ಟು ಬರೆಯಬೇಕಾ? ಬೇಡ. ಹೊನ್ನಾವರದ ಮೊಬೈಲ್ ಅಂಗಡಿಯವರು ಸ್ಯಾಮ್‌ಸಂಗ್ ಫೋನಿನ ಬಗ್ಗೆ ಎಷ್ಟೇ ಬರೆದರೂ ಅಮೆಜಾನ್ ಮುಂದೆ ನಿಲ್ಲುವುದು ಕಷ್ಟ. ಕಂಪನಿ ಕೊಟ್ಟ ವಿವರವನ್ನೇ ಅಂಟಿಸಿದರೆ ಅದೇ ಅಕ್ಷರ ಸಾವಿರ ಕಡೆ ಇರುತ್ತದೆ, ಗೂಗಲ್ ಅವುಗಳಲ್ಲಿ ಒಂದನ್ನು ಆರಿಸಿ ಉಳಿದದ್ದನ್ನು ಬದಿಗೆ ಸರಿಸುತ್ತದೆ. ಬಟ್ಟೆ ಅಂಗಡಿಯವರು ಒಂದೇ ಚೂಡಿದಾರಕ್ಕೆ ಬಣ್ಣಕ್ಕೊಂದರಂತೆ 12 ಪುಟ ಮಾಡುವುದೂ ಇದೇ ಸಾಲಿನದ್ದು. ಒಂದು ಪುಟ, ಅದರೊಳಗೆ 12 ಬಣ್ಣ ಸಾಕು. ಅಂಗಡಿಯಲ್ಲಿ 200 ವಸ್ತು ಇದ್ದರೆ ಬೇರೆಲ್ಲೂ ಸಿಗದ 15 ವಸ್ತು ಯಾವುದು ಎಂದು ನೋಡಿ, ಶ್ರಮವನ್ನೆಲ್ಲ ಅಲ್ಲಿಗೆ ಹಾಕುವುದು ಲಾಭ. ಗೂಗಲ್ ಮರ್ಚೆಂಟ್ ಸೆಂಟರಿನಲ್ಲಿ ವಸ್ತುಗಳ ಪಟ್ಟಿ ಕೊಟ್ಟರೆ 2020ರಿಂದ ಶಾಪಿಂಗ್ ವಿಭಾಗದಲ್ಲಿ ಜಾಹೀರಾತು ದುಡ್ಡಿಲ್ಲದೆಯೂ ತೋರಿಸುತ್ತಾರೆ. ಇದನ್ನು ಮಾಡಿಕೊಂಡವರು ಕಮ್ಮಿ.

ಇನ್ನು ಭಟ್ಕಳ ಮಲ್ಲಿಗೆಯಂಥ, ಸಂಜೆಗೆ ಬಾಡುವ ವಸ್ತುವಿಗೆ ಆನ್‌ಲೈನ್ ಅಂಗಡಿಯ ಗೊಡವೆಯೇ ಬೇಕಿಲ್ಲ. ಗೂಗಲ್ ಮ್ಯಾಪ್‌ನಲ್ಲಿ ಅಂಗಡಿಯ ಜಾಗ, ತೆರೆಯುವ ಹೊತ್ತು, ಫೋನ್ ಸರಿಯಾಗಿದ್ದರೆ ಸಾಕು. ಆದರೆ ಇಲ್ಲೊಂದು ಎಚ್ಚರಿಕೆ. ಮೊದಲು ಗೂಗಲ್ ಈ ಬಿಸಿನೆಸ್ ಪ್ರೊಫೈಲ್ ಜೊತೆಗೆ ಉಚಿತವಾಗಿ ಚಿಕ್ಕ ವೆಬ್‌ಸೈಟ್ ಕೊಡುತ್ತಿತ್ತು. 2024ರ ಮಾರ್ಚ್‌ನಲ್ಲಿ ಅದನ್ನು ನಿಲ್ಲಿಸಿತು. ಹಳೆ ವಿಳಾಸಕ್ಕೆ ಬಂದವರನ್ನು ಪ್ರೊಫೈಲ್‌ಗೆ ಕಳಿಸುವ ವ್ಯವಸ್ಥೆಯೂ ಅದೇ ಜೂನ್‌ಗೆ ಮುಗಿಯಿತು. ಬೋರ್ಡ್, ಬಿಲ್ ಬುಕ್, ಕೈಚೀಲದ ಮೇಲೆ ಆ ವಿಳಾಸ ಅಥವಾ ಅದರ ಕ್ಯೂಆರ್ ಕೋಡ್ ಅಚ್ಚಾಗಿದ್ದರೆ ಒಮ್ಮೆ ಸ್ಕ್ಯಾನ್ ಮಾಡಿ ನೋಡಿ. ಗಿರಾಕಿ ಹೋಗುತ್ತಿರುವುದು ಮುಚ್ಚಿದ ಬಾಗಿಲಿಗೆ.

ಫಸ್ಟ್ ಪೇಜ್ ಗ್ಯಾರಂಟಿ ಎಂಬ ಪ್ಯಾಕೇಜ್

ಅಂಗಡಿ ಕಾಣುತ್ತಿಲ್ಲ ಎಂದ ಕೂಡಲೇ ಫೋನ್ ಬರುತ್ತದೆ. "ಸಾರ್, ತಿಂಗಳಿಗೆ ಇಷ್ಟು ಕೊಡಿ, ಮೂರು ತಿಂಗಳಲ್ಲಿ ಗೂಗಲ್ ಫಸ್ಟ್ ಪೇಜ್ ಗ್ಯಾರಂಟಿ." ಮೊದಲ ಸ್ಥಾನದ ಗ್ಯಾರಂಟಿ ಯಾರೂ ಕೊಡಲು ಸಾಧ್ಯವಿಲ್ಲ ಎಂದು ಗೂಗಲ್ ತನ್ನ ಮಾರ್ಗದರ್ಶಿಯಲ್ಲೇ ಬರೆದಿದೆ. ಇಂಥ ಪ್ಯಾಕೇಜುಗಳಲ್ಲಿ ಸಾಮಾನ್ಯವಾಗಿ ಇರುವುದು ಎರಡು ಬಗೆಯ ಕೆಲಸ. ಒಂದು, ಎಲ್ಲೆಲ್ಲಿಂದಲೋ ದುಡ್ಡು ಕೊಟ್ಟು ತಂದ ಲಿಂಕುಗಳು. ಇನ್ನೊಂದು, 'ಭಟ್ಕಳದಲ್ಲಿ ಬೆಸ್ಟ್ ಗೋಡಂಬಿ', 'ಹೊನ್ನಾವರದಲ್ಲಿ ಬೆಸ್ಟ್ ಗೋಡಂಬಿ', 'ಕುಮಟಾದಲ್ಲಿ ಬೆಸ್ಟ್ ಗೋಡಂಬಿ' ಎಂದು ಊರಿನ ಹೆಸರು ಮಾತ್ರ ಬದಲಿಸಿದ ಪುಟಗಳ ರಾಶಿ. ಎರಡೂ ಗೂಗಲ್‌ನ ಸ್ಪ್ಯಾಮ್ ನಿಯಮಕ್ಕೆ ವಿರುದ್ಧ. ಸಿಕ್ಕಿಬಿದ್ದರೆ ಪ್ಯಾಕೇಜಿನವರು ಫೋನ್ ಎತ್ತುವುದಿಲ್ಲ, ಹೊಡೆತ ಬೀಳುವುದು ಅಂಗಡಿಯ ಹೆಸರಿಗೆ.

ಅದಕ್ಕಿಂತ ಮುಖ್ಯವಾದ ಪ್ರಶ್ನೆ: ಡೊಮೇನ್ ಯಾರ ಹೆಸರಿನಲ್ಲಿದೆ? ಮಾಡಿಕೊಟ್ಟವರು ತಮ್ಮ ಖಾತೆಯಲ್ಲೇ ನೋಂದಾಯಿಸಿಕೊಂಡಿದ್ದರೆ, ಜಗಳ ಆದ ದಿನ ವಿಳಾಸವೂ ಅವರದ್ದೇ. ಅಂಗಡಿ ಮಳಿಗೆಯ ಕರಾರು ಪತ್ರವನ್ನು ನಾಲ್ಕು ಸಲ ಓದುವ ವ್ಯಾಪಾರಿಗಳು ಇದನ್ನು ಒಂದು ಸಲವೂ ಕೇಳದಿರುವುದು ಆಶ್ಚರ್ಯ.

ಈಗಿನ ಇನ್ನೊಂದು ಹಾದಿ ಎಐ. 200 ವಸ್ತುವಿನ ಹೆಸರು ಕೊಟ್ಟರೆ ಒಂದು ತಾಸಿನಲ್ಲಿ 200 ವಿವರಣೆ ಬರುತ್ತದೆ. ಪುಟ ಉದ್ದ ಆಗುತ್ತದೆ, ದಪ್ಪ ಆಗುವುದಿಲ್ಲ. 'ನಮ್ಮ ಉತ್ಕೃಷ್ಟ ಗುಣಮಟ್ಟದ ಕೋಕಂ ನಿಮ್ಮ ಕುಟುಂಬದ ಆರೋಗ್ಯಕ್ಕೆ ಪರಿಪೂರ್ಣ ಆಯ್ಕೆ' ಎಂಬ ಸಾಲಿನಿಂದ ಯಾವ ಪ್ರಶ್ನೆಗೂ ಉತ್ತರ ಸಿಗುವುದಿಲ್ಲ. ಬರೆಯಲು ಕಷ್ಟ ಎನ್ನುವವರು ಗಿರಾಕಿ ಕೇಳಿದ ಪ್ರಶ್ನೆ, ತಾವು ಕೊಟ್ಟ ಉತ್ತರವನ್ನು ಫೋನಿನಲ್ಲಿ ಮಾತಾಡಿ ರೆಕಾರ್ಡ್ ಮಾಡಿ, ಅದನ್ನು ತಿದ್ದಿಕೊಡಲು ಎಐಗೆ ಹೇಳಿದರೆ ತಪ್ಪೇನಿಲ್ಲ. ವಿಷಯ ಅಂಗಡಿಯವರದ್ದಾಗಿರಬೇಕು ಅಷ್ಟೇ.

ಕದ್ದ ಅಥವಾ ಯಂತ್ರ ಹೆಣೆದ ಬರಹದಲ್ಲಿ ಕಾನೂನಿನ ಅಪಾಯವೂ ಇದೆ. ಕೋಕಂ ಕುಡಿದರೆ ತೂಕ ಇಳಿಯುತ್ತದೆ, ಸಕ್ಕರೆ ಕಾಯಿಲೆ ಹೋಗುತ್ತದೆ ಎಂಬ ಸಾಲು ಎಲ್ಲಿಂದಲೋ ಬಂದು ಪುಟದಲ್ಲಿ ಕೂತಿರುತ್ತದೆ. ಆಹಾರ ವಸ್ತುಗಳ ಜಾಹೀರಾತು ಮತ್ತು ಪ್ರತಿಪಾದನೆಗೆ ಎಫ್‌ಎಸ್‌ಎಸ್‌ಎಐನ 2018ರ ನಿಯಮಗಳಿವೆ, ಕಾಯಿಲೆ ಗುಣಪಡಿಸುತ್ತದೆ ಎಂದು ಆಹಾರವನ್ನು ಮಾರುವಂತಿಲ್ಲ. 2024ರ ಜನವರಿಯಲ್ಲಿ ಅಯೋಧ್ಯೆ ರಾಮಮಂದಿರದ ಪ್ರಸಾದ ಎಂಬ ಹೆಸರಿನಲ್ಲಿ ಮಿಠಾಯಿ ಮಾರಾಟಕ್ಕಿಟ್ಟಿದ್ದಕ್ಕೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಅಮೆಜಾನ್‌ಗೇ ನೋಟಿಸ್ ಕೊಟ್ಟಿತ್ತು. ಅಲ್ಲಿ ಪ್ರಶ್ನೆ ಬಂದಿದ್ದು ಪುಟದ ಮೇಲಿನ ಹೆಸರಿನ ಬಗ್ಗೆಯೇ.

ಹಾಗೆಯೇ ಪೊಟ್ಟಣದ ಸರಕಾದರೆ ತಯಾರಕರ ಹೆಸರು, ವಿಳಾಸ, ನಿವ್ವಳ ತೂಕ, ಎಂಆರ್‌ಪಿ, ದೂರು ಕೊಡಬೇಕಾದ ನಂಬರ್ ಇವೆಲ್ಲ ಆನ್‌ಲೈನ್ ಪುಟದಲ್ಲೂ ಇರಬೇಕು ಎಂಬ ನಿಯಮ 2018ರ ಜನವರಿ 1ರಿಂದಲೇ ಜಾರಿಯಲ್ಲಿದೆ. ಆಹಾರ ವಸ್ತುವಾದರೆ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರನ್ನೂ ಹಾಕಿಬಿಡಿ. ಸಾಣಿಕಟ್ಟಾ ಕಡೆಯ ಉಪ್ಪನ್ನು ಮಾರುವವರು ಅಯೋಡಿನ್ ಇದೆಯೋ ಇಲ್ಲವೋ ಸ್ಪಷ್ಟ ಬರೆಯಲೇಬೇಕು, ಯಾಕೆಂದರೆ ಅಯೋಡಿನ್ ಇಲ್ಲದ ಉಪ್ಪನ್ನು ನೇರ ಊಟದ ಬಳಕೆಗೆ ಮಾರುವಂತಿಲ್ಲ. ತೆರಿಗೆ ಇರುವ ಸರಕನ್ನು ಸ್ವಂತ ವೆಬ್‌ಸೈಟಿನಿಂದ ರಾಜ್ಯದ ಹೊರಗೆ ಕಳಿಸಿದರೆ ಜಿಎಸ್‌ಟಿ ನೋಂದಣಿ ಬೇಕು. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಬಂದಿದ್ದನ್ನು ಯಾರೂ ಮರೆತಿಲ್ಲ, ಆದ್ದರಿಂದ ಈ ಮಾತನ್ನು ಲೆಕ್ಕಪತ್ರ ನೋಡುವವರ ಹತ್ತಿರ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

"ನಮ್ಗೆ ವಾಟ್ಸ್ಆ್ಯಪ್ ಸಾಕು ಮಾರಾಯ್ರೆ"

ಈ ಮಾತಿನಲ್ಲೂ ಹುರುಳಿದೆ. ಗುರುತಿನ ಗಿರಾಕಿಗಳಿಗೆ, ಊರು ಬಿಟ್ಟು ದುಬೈ, ಮುಂಬೈನಲ್ಲಿರುವ ಮನೆಮಂದಿಗೆ ವಾಟ್ಸ್ಆ್ಯಪ್‌ನಲ್ಲೇ ಚೆನ್ನಾಗಿ ವ್ಯಾಪಾರ ಆಗುತ್ತದೆ, ಖರ್ಚೂ ಇಲ್ಲ. ಆದರೆ ಅಲ್ಲಿ ಕೊಟ್ಟ ಉತ್ತರ ಆ ಒಬ್ಬರಿಗೆ ಮಾತ್ರ. ನಾಳೆ ಇನ್ನೊಬ್ಬರು ಅದನ್ನೇ ಕೇಳುತ್ತಾರೆ, ಅದನ್ನೇ ಮತ್ತೆ ಟೈಪ್ ಮಾಡಬೇಕು. ಅಂಗಡಿಯ ಹೆಸರೇ ಗೊತ್ತಿಲ್ಲದ ಹೊಸಬರು ಅಲ್ಲಿಗೆ ಬರುವ ದಾರಿಯೂ ಇಲ್ಲ. ಹಾಗೆ ನೋಡಿದರೆ ವಾಟ್ಸ್ಆ್ಯಪ್‌ನ ಹಳೆ ಚಾಟ್‌ಗಳೇ ಪುಟ ಬರೆಯಲು ಒಳ್ಳೆಯ ಕಚ್ಚಾ ಮಾಲು. ಯಾವ ಪ್ರಶ್ನೆ ಹೆಚ್ಚು ಸಲ ಬಂದಿದೆಯೋ ಅದಕ್ಕೆ ಪುಟದಲ್ಲಿ ಮೊದಲ ಜಾಗ.

2024ರ ಆಗಸ್ಟ್‌ನಿಂದ ಭಾರತದಲ್ಲೂ ಗೂಗಲ್ ಹಲವು ಪ್ರಶ್ನೆಗಳಿಗೆ ಎಐ ಬಳಸಿ ಮೇಲ್ಗಡೆಯೇ ಉತ್ತರ ಕೊಡುತ್ತಿದೆ. ಕೋಕಂ ಶರಬತ್ತು ಮಾಡುವುದು ಹೇಗೆ ಎಂದು ಕೇಳಿದವರು ಅಲ್ಲೇ ಓದಿಕೊಂಡು ಹೋಗುತ್ತಾರೆ, ವೆಬ್‌ಸೈಟಿಗೆ ಬರುವುದಿಲ್ಲ. ಆದ್ದರಿಂದ ಅಂಗಡಿ ವೆಬ್‌ಸೈಟಿನಲ್ಲಿ ಅಡುಗೆ ಲೇಖನ ತುಂಬಿಸಿ ಎಂಬ ಹಳೆ ಸಲಹೆಗೆ ಈಗ ಅಷ್ಟು ಬೆಲೆ ಉಳಿದಿಲ್ಲ. ಈ ಬಾಟಲಿಯಲ್ಲಿ ಸಕ್ಕರೆ ಎಷ್ಟು, ಹಣ್ಣು ಯಾವ ಕಡೆಯದ್ದು, ಗಾಜೋ ಪ್ಲಾಸ್ಟಿಕ್ಕೋ, 581334ರಿಂದ ಬೆಂಗಳೂರಿಗೆ ಎಷ್ಟು ದಿನಕ್ಕೆ ತಲುಪುತ್ತದೆ, ಒಡೆದರೆ ಯಾರು ಹೊಣೆ ಎಂಬುದು ಎಐಗೆ ತಾನಾಗಿ ಗೊತ್ತಾಗುವ ವಿಷಯವಲ್ಲ. ಅಂಗಡಿಯವರು ಬರೆದರೆ ಮಾತ್ರ ಅದಕ್ಕೂ ಸಿಗುತ್ತದೆ.

ಸಮಯದ ಲೆಕ್ಕವನ್ನೂ ಮರೆಯುವಂತಿಲ್ಲ. ಹೊಸದಾಗಿ ಬರೆದ ಪುಟವನ್ನು ಗೂಗಲ್ ನೋಡಿ, ಪಟ್ಟಿಗೆ ಸೇರಿಸಿ, ನಂಬಿ ಮೇಲೆ ತರಲು ಕೆಲವು ವಾರ, ಕೆಲವೊಮ್ಮೆ ತಿಂಗಳುಗಳೇ ಹಿಡಿಯುತ್ತವೆ. ಮುರುಗಲು ಹಣ್ಣಾಗುವುದು ಏಪ್ರಿಲ್, ಮೇನಲ್ಲಿ, ಸೆಕೆ ಶುರುವಾಗಿ ಜನ ಶರಬತ್ತು ಹುಡುಕುವುದು ಅದಕ್ಕೂ ಮೊದಲು, ಮಾರ್ಚ್‌ನಲ್ಲಿ. ಈ ಬೇಸಿಗೆಗೆ ಬೇಕಾದ ಪುಟವನ್ನು ಜನವರಿಯ ಒಳಗೇ ಬರೆದು ಮುಗಿಸಬೇಕು.